ಸುವರ್ಣಮ್ಮನ ಮೊದಲ ತುತ್ತು

ಬಾಣಾವರದ ಸ್ಟೇಷನ್ ಬೀದಿಯಲ್ಲಿ ಊಟದ ಹೊತ್ತಿಗೆ ಸುವರ್ಣಮ್ಮನ ಮನೆ ದಾಟಿ ಹೋಗುವುದು ಅಷ್ಟು ಸುಲಭವಲ್ಲ. ಕರೆಂಟ್ ಮೀಟರ್ ನೋಡಲು ಬಂದವನು ಉಪ್ಪಿಟ್ಟು ತಿಂದು ಹೋಗಿದ್ದಾನೆ. ಕೊಬ್ಬರಿ ಲಾರಿಯ ಡ್ರೈವರು ಮುದ್ದೆ ಉಂಡು ಹೋಗಿದ್ದಾನೆ. ವೋಟು ಕೇಳಲು ಬಂದ ಎರಡು ಪಕ್ಷದವರು ಒಂದೇ ಪಡಸಾಲೆಯಲ್ಲಿ ಎದುರುಬದುರು ಕೂತು, ಮುಖ ಹುಳ್ಳಗೆ ಮಾಡಿಕೊಂಡು ಹೋಳಿಗೆ ತಿಂದು ಹೋಗಿದ್ದಾರೆ. ಬೇಡ ಅಂದರೆ ಅವಳಿಗೆ ಕೆಟ್ಟ ಸಿಟ್ಟು. ಅರ್ಧ ಜನ ಆ ಸಿಟ್ಟಿಗೆ ಹೆದರಿಯೇ ಉಣ್ಣುತ್ತಿದ್ದರು ಅಂತ ಕಾಣುತ್ತದೆ.

ಎಲ್ಲರಿಗೂ ಬಡಿಸಿ, ಲಿಂಗಪೂಜೆ ಮುಗಿಸಿ, ಕೊನೆಗೆ ತಾನು ತಟ್ಟೆಯ ಮುಂದೆ ಕೂತರೂ ಮೊದಲ ತುತ್ತು ಅವಳದ್ದಲ್ಲ. ಅದು ಯಾವುದಾದರೂ ಒಂದು ಜೀವಕ್ಕೆ ಹೋಗಬೇಕು. ಕಾಗೆಯೋ, ಹಿತ್ತಿಲ ಕರುವೋ, ಬೀದಿಯ ಬೆಕ್ಕೋ, ಯಾವುದಾದರೂ ಸರಿ. ಇದು ಅವಳ ತವರು ಜಾವಗಲ್ಲಿನಿಂದ ಬಂದ ಅಭ್ಯಾಸ. ಅಪ್ಪ ಮಠದ ದಾಸೋಹದಲ್ಲಿ ಬಡಿಸುತ್ತಿದ್ದ. ಪಂಕ್ತಿಗಳೆಲ್ಲ ಎದ್ದ ಮೇಲೂ ತಾನು ಕೂರುವ ಮುಂಚೆ ಬಾಗಿಲ ಹೊರಗೆ ಹೋಗಿ, ಮೆಟ್ಟಿಲ ಮೇಲೆ ಯಾರಾದರೂ, ಏನಾದರೂ ಹಸಿದು ಕೂತಿದೆಯಾ ಅಂತ ನೋಡಿ ಬರುತ್ತಿದ್ದ. ಅವನ ಪಂಚೆಯ ಚುಂಗು ಹಿಡಿದು ಹಿಂದೆಯೇ ಓಡುತ್ತಿದ್ದ ಹುಡುಗಿಗೆ ಅದೇ ಊಟದ ಮೊದಲ ಪಾಠವಾಯಿತು. ಹದಿನೆಂಟಕ್ಕೆ ಬಾಣಾವರದ ಕೊಬ್ಬರಿ ಮನೆಗೆ ಸೊಸೆಯಾಗಿ ಬಂದಾಗ ಬೇರೆ ಏನು ತಂದಳೋ ಬಿಟ್ಟಳೋ, ಇದನ್ನಂತೂ ತಂದಳು.

ಗಂಡ ಇಂದುಧರಪ್ಪ ಒಳ್ಳೆಯವನೇ. ಆದರೆ ತಟ್ಟೆಯಿಂದ ತಲೆ ಎತ್ತದೆ ಉಂಡು, ಕೈ ತೊಳೆದು, ಅರಸೀಕೆರೆ ಮಂಡಿಗೆ ಹೊರಟುಬಿಡುತ್ತಿದ್ದ. ಅವನು ತೀರಿಕೊಂಡ ಮೇಲೆ ಮಗ ಶಶಿಧರನೂ ಅದೇ ಮಂಡಿಗೆ, ಅದೇ ಅವಸರದಲ್ಲಿ. ಇಷ್ಟು ಜನಕ್ಕೆ ಉಣಬಡಿಸಿದವಳು ಇನ್ನೂ ಉಂಡಳೋ ಇಲ್ಲವೋ ಅಂತ ಕಾದು ಕೂತವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಅವಳೂ ಅದನ್ನು ದೊಡ್ಡ ಕೊರತೆ ಅಂದುಕೊಂಡಿರಲಿಲ್ಲ, ಹಾಗೆ ಕಾಯುವ ಒಂದು ಜೀವ ಮುಂದೆ ತಾನಾಗಿ ಸಿಗುವವರೆಗೆ.

ಮೊಮ್ಮಗಳು ಹೇಮಾಶ್ರೀಗೆ ಈಗ ಎಂಟು ವರ್ಷ. ಮಾತಿಲ್ಲ. ಕರೆದರೆ ತಿರುಗುವುದಿಲ್ಲ, ಕಣ್ಣಿಗೆ ಕಣ್ಣು ಕೊಡುವುದಿಲ್ಲ. ಹಾಸನದ ಡಾಕ್ಟರು ಆಟಿಸಂ ಅಂದರು. ಇದು ಕಾಯಿಲೆಯಲ್ಲ, ಮಗುವೇ ಹೀಗೆ, ನೀವು ಹೊಂದಿಕೊಳ್ಳಬೇಕು ಅಂದರು. ಹೊಂದಿಕೊಂಡರು. ಅಟ್ಟದ ಮೇಲೆ ಒಣಗಿ ಕೊಬ್ಬರಿಯಾದ ಕಾಯನ್ನು ಅಲ್ಲಾಡಿಸಿದರೆ ಒಳಗೆ ಗಿಟುಕು ಲೊಡಲೊಡ ಅನ್ನುತ್ತದಲ್ಲ, ಆ ಸದ್ದು ಹೇಮಾಗೆ ಪ್ರಾಣ. ಸಿಪ್ಪೆ ಸುಲಿದ ಅಂಥದ್ದೊಂದು ಕಾಯಿ ಯಾವಾಗಲೂ ಅವಳ ಕೈಯಲ್ಲಿ, ಕಿವಿಯ ಹತ್ತಿರ. ಅದಕ್ಕೂ ಹೊಂದಿಕೊಂಡರು.

ಹೊಂದಿಕೊಳ್ಳಲಾಗದ್ದು ಒಂದೇ, ರೈಲು. ಮನೆಯ ಹಿಂದಿನ ಓಣಿ ದಾಟಿದರೆ ಹಳಿ. ರೈಲಿನ ಕೂಗು ಕೇಳಿದ್ದೇ ಮಗು ಎದ್ದು ಓಡುತ್ತಿತ್ತು, ದೂರ ಹೋಗಲಿಕ್ಕಲ್ಲ, ಹತ್ತಿರ ಹೋಗಲಿಕ್ಕೆ. ಗೇಟಿಗೆ ಚಿಲಕ, ಚಿಲಕಕ್ಕೆ ಬೀಗ, ಮಗುವಿನ ಸೊಂಟಕ್ಕೆ ತಾಯಿಯ ಸೆರಗು. ಸೊಸೆ ಪ್ರತಿಮಾ ಸ್ನಾನದ ಮನೆಯ ಬಾಗಿಲನ್ನು ಪೂರ್ತಿ ಮುಚ್ಚದೆ ವರ್ಷಗಳಾಗಿದ್ದವು. ರಾತ್ರಿ ಮಲಗಿದರೂ ಅವಳ ಒಂದು ಕೈ ಮಗುವಿನ ಫ್ರಾಕು ಹಿಡಿದೇ ಇರುತ್ತಿತ್ತು.

ಮಗುವಿಗೆ ಆರು ವರ್ಷವಿದ್ದಾಗ ನಾಯಿಯ ವಿಷಯ ತಂದವಳು ಪ್ರತಿಮಾನೇ. ಇಂಥ ಮಕ್ಕಳ ತಾಯಂದಿರ ಗುಂಪೊಂದು ಅವಳ ಮೊಬೈಲಿನಲ್ಲಿತ್ತು. ಬೆಂಗಳೂರಿನ ಆಚೆ ಒಂದು ಟ್ರಸ್ಟು ಅಂಗವೈಕಲ್ಯವಿರುವ ಮಕ್ಕಳಿಗಾಗಿ ನಾಯಿಗಳನ್ನು ಪಳಗಿಸಿ ಕೊಡುತ್ತದೆ ಅಂತ ಅಲ್ಲಿ ಗೊತ್ತಾಯಿತು. ಮಗುವಿಗೂ ನಾಯಿಗೂ ಸೇರಿಸಿ ಒಂದು ಬೆಲ್ಟು ಕಟ್ಟುತ್ತಾರಂತೆ. ಮಗು ಓಡಲು ಎದ್ದರೆ ನಾಯಿ ನೆಲಕ್ಕೆ ಮಲಗಿ ಭಾರ ಬಿಡುತ್ತದಂತೆ. ಬೆಲ್ಟು ಇಲ್ಲದಾಗ ಓಡಿ ಹೋಗಿ ಅಡ್ಡ ಮಲಗುತ್ತದಂತೆ.

"ಲಿಂಗ ಕಟ್ಟಿರೋ ಮನೆ ಒಳಗೆ ನಾಯಿ ಓಡಾಡದಾ?" ಅಂದಳು ಸುವರ್ಣಮ್ಮ. "ಬಾಗ್ಲಲ್ಲಿ ಇರ್ಲಿ, ಹೊಟ್ಟೆ ತುಂಬ ಹಾಕಾನ. ಒಳಗ್ ಬ್ಯಾಡ ಕಣವ್ವ."

"ಅತ್ತೆ, ನಾನು ಒಂದೇ ಒಂದು ದಿನ ಬಾಗಿಲು ಹಾಕ್ಕೊಂಡು ಸ್ನಾನ ಮಾಡಬೇಕು" ಅಂದಳು ಪ್ರತಿಮಾ.

ಅಷ್ಟೇ ಅಂದದ್ದು. ಸುವರ್ಣಮ್ಮ ಮತ್ತೆ ಬೇಡ ಅನ್ನಲಿಲ್ಲ.

ಸರತಿ ಬರಲು ಎರಡು ವರ್ಷ ಹಿಡಿಯಿತು. ಆಮೇಲೊಂದು ದಿನ ಶರ್ಮಿಳಾ ಅನ್ನುವ ತರಬೇತಿಯ ಹುಡುಗಿ ಬೆಲ್ಲದ ಬಣ್ಣದ ಹೆಣ್ಣು ಲ್ಯಾಬ್ರಡಾರ್ ನಾಯಿಯೊಂದಿಗೆ ಬಂದಿಳಿದಳು. ಹೆಸರು ಮೋನಾ. ಮಾತು ಬಾರದ ಮಕ್ಕಳ ತುಟಿಗೂ ಸುಲಭವಾಗಲಿ ಅಂತ ಇಟ್ಟ ಹೆಸರಂತೆ. ಶರ್ಮಿಳಾ ಅರಸೀಕೆರೆಯ ಲಾಡ್ಜಿನಲ್ಲಿ ಉಳಿದು ದಿನವೂ ಬಂದು ಎಲ್ಲವನ್ನೂ ಕಲಿಸಿದಳು. ಎಲ್ಲಕ್ಕಿಂತ ಹೆಚ್ಚಾಗಿ ಒತ್ತಿ ಹೇಳಿದ್ದು ಒಂದು ಮಾತು.

"ಊಟ ಹೇಮಾ ಕೈಯಿಂದ ಮಾತ್ರ. ಬೇರೆ ಯಾರೂ ಒಂದು ಚೂರು ಕೂಡ ತಿನ್ನೋಕೆ ಕೊಡಬಾರದು, ಮುದ್ದು ಮಾಡಬಾರದು. ಯಾರು ಊಟ ಹಾಕ್ತಾರೋ ಅವರೇ ಅದರ ಪ್ರಪಂಚ. ಆ ಪ್ರಪಂಚ ಹೇಮಾ ಆಗಬೇಕು. ಅಜ್ಜಿ, ಮುಖ್ಯವಾಗಿ ನಿಮಗೇ ಹೇಳ್ತಿರೋದು."

"ಮನೇಗ್ ಬಂದ ಜೀವಕ್ಕೆ ಒಂದ್ ತುತ್ತು ಹಾಕ್ಬ್ಯಾಡಿ ಅಂತೀಯಲ್ಲ ಮಗಾ, ಇದೆಂಥ ಇಸ್ಕೂಲು ನಿಂದು?" ಅಂದಳು ಸುವರ್ಣಮ್ಮ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ಹೊತ್ತಿಗೆ ಅದು ನಗುವ ಮಾತೇ ಆಗಿತ್ತು.

ನಾಯಿಯ ಊಟವೆಂದರೆ ಡಬ್ಬದಲ್ಲಿದ್ದ ಒಣ ಉಂಡೆಗಳು. ಅದರಲ್ಲಿ ಮೀನಿನ ವಾಸನೆ ಇದೆಯೆಂದು ಸುವರ್ಣಮ್ಮ ಆ ಡಬ್ಬವನ್ನು ಜಗುಲಿಯ ಮೂಲೆಗೆ ಹಾಕಿಸಿದಳು. ಅದನ್ನು ಮುಟ್ಟಿದ ಕೈಯನ್ನು ಯಾರಾದರೂ ತೊಳೆಯದೆ ಒಳಗೆ ಬಂದರೆ ಗದರುತ್ತಿದ್ದಳು. ಹೇಮಾಗೆ ಉಣ್ಣಿಸುವುದನ್ನು ಕಲಿಸಲು ಪ್ರತಿಮಾ ಪಟ್ಟ ಪಾಡು ಅಷ್ಟಿಷ್ಟಲ್ಲ. ಮಗು ಉಂಡೆಗಳನ್ನು ಚೆಲ್ಲಿತು, ಎಸೆಯಿತು, ಡಬ್ಬವನ್ನೇ ಅಲ್ಲಾಡಿಸಿ ಸದ್ದು ಕೇಳಿತು. ವಾರಗಳು ಕಳೆದ ಮೇಲೆ ಒಂದು ಬೆಳಿಗ್ಗೆ ತಾನಾಗಿಯೇ ಒಂದು ಹಿಡಿ ತೆಗೆದುಕೊಂಡು, ಬೆಲ್ಟಿನ ಇನ್ನೊಂದು ತುದಿಯಲ್ಲಿದ್ದ ಜೀವದ ಮುಂದೆ ಕೂತು ಅಂಗೈ ಬಿಚ್ಚಿತು. ಹುಟ್ಟಿದಾಗಿನಿಂದ ಆ ಮಗು ಯಾರಿಗೂ ಏನನ್ನೂ ಕೊಟ್ಟಿರಲಿಲ್ಲ. ಅಂದೇ ಮೊದಲು.

ಅದೇ ವಾರ ಗೂಡ್ಸ್ ಗಾಡಿ ಕೂಗಿತು. ಹೇಮಾ ಎದ್ದಳು, ಮೋನಾ ಮಲಗಿತು. ಬೆಲ್ಟು ಬಿಗಿಯಿತು. ಹೇಮಾ ಎಳೆದಳು, ನಿಂತಳು, ಸುಮ್ಮನೆ ಬಂದು ನಾಯಿಯ ಬೆನ್ನಿಗೆ ಒರಗಿ ಕೂತು ತನ್ನ ಕಾಯಿ ಅಲ್ಲಾಡಿಸಿದಳು. ಗಾಡಿ ತನ್ನ ಪಾಡಿಗೆ ತಾನು ಹೋಯಿತು. ಪ್ರತಿಮಾ ಸ್ನಾನದ ಮನೆಗೆ ಹೋಗಿ ಚಿಲಕ ಹಾಕಿಕೊಂಡಳು. ಒಳಗೆ ನೀರಿನ ಸದ್ದು ಬಹಳ ಹೊತ್ತು ಕೇಳಿಸಿತು. ನೀರಿನ ಸದ್ದಿನ ಜೊತೆ ಅಳುವೂ ಕೇಳಿಸಿತು. ಸುವರ್ಣಮ್ಮ ಹೊರಗೆ ನಿಂತು, ಅತ್ತುಬಿಡಲಿ ಪಾಪ ಅಂದುಕೊಂಡಳು.

ಇಲ್ಲಿಗೆ ಕಥೆ ನಿಂತಿದ್ದರೆ ಚೆನ್ನಾಗಿತ್ತು. ನಿಲ್ಲಲಿಲ್ಲ.

ಹೇಮಾ ಕೆಲವು ದಿನ ಮಧ್ಯಾಹ್ನ ಮಲಗಿಬಿಡುತ್ತಿದ್ದಳು. ಆಗ ನಾಯಿಯ ಊಟ ತಡವಾಗುತ್ತಿತ್ತು. ಅಂಥ ಒಂದು ಮಧ್ಯಾಹ್ನ ಸುವರ್ಣಮ್ಮ ತಟ್ಟೆಯ ಮುಂದೆ ಕೂತು ಮುದ್ದೆ ಮುರಿದಳು. ತಲೆ ಎತ್ತಿದರೆ ಅಡಿಗೆಮನೆಯ ಹೊಸ್ತಿಲಾಚೆ ಮೋನಾ. ಅದು ಬೊಗಳಲಿಲ್ಲ, ಹತ್ತಿರ ಬರಲಿಲ್ಲ. ಕೂತು ನೋಡಿತು, ಅಷ್ಟೇ. ಹಸಿದ ಕಣ್ಣಿನ ಮುಂದೆ ಅನ್ನ ಗಂಟಲಿಗೆ ಇಳಿಸುವುದನ್ನು ಅರವತ್ತು ವರ್ಷದಲ್ಲಿ ಒಮ್ಮೆಯೂ ಮಾಡದವಳು ಅವಳು. ಮಾಡುವುದು ಹೇಗೆ ಅಂತಲೇ ಗೊತ್ತಿರಲಿಲ್ಲ. ತುಪ್ಪ ಸವರಿದ ಮೊದಲ ತುತ್ತನ್ನು ಹೊಸ್ತಿಲಾಚೆ ಇಟ್ಟಳು. ಒಂದೇ ತುತ್ತು. ಒಂದು ತುತ್ತಿನಿಂದ ಏನಾಗುತ್ತದೆ?

ಮಾರನೆಯ ದಿನ ನಾಯಿ ಅದೇ ಹೊತ್ತಿಗೆ ಅಲ್ಲಿತ್ತು. ಅದರ ಮಾರನೆಯ ದಿನವೂ. ಸ್ವಲ್ಪ ದಿನದಲ್ಲಿ ಅವಳು ಒಲೆಯ ಮುಂದೆ ನಿಂತಾಗಲೇ ಬಂದು ಕಾಯತೊಡಗಿತು. ಅವಳು ಹಿತ್ತಿಲಿಗೆ ಹೋದರೆ ಕಿವಿ ಆ ಕಡೆ, ಪೂಜೆಗೆ ಕೂತರೆ ಬಾಗಿಲಾಚೆ ತಲೆಯಿಟ್ಟು ಮಲಗುವುದು. ಪೂಜೆ ಮುಗಿಸಿ ಎದ್ದರೆ ಬಾಲ ನೆಲಕ್ಕೆ ಪಟಪಟ ಬಡಿಯುವುದು. ಅವಳು ಉಂಡಳಾ ಅಂತ ಕಾದು ಕೂತ ಮೊದಲ ಜೀವ ಅದು. ಸುವರ್ಣಮ್ಮನಿಗೆ ಹಿತವಾಯಿತು, ಬಹಳ ಹಿತವಾಯಿತು. ಯಾರೂ ಇಲ್ಲದಾಗ "ಏನೇ, ಕಾಯ್ತಾ ಇದ್ಯೇನೇ ನನ್ನವ್ವ" ಅಂತ ಕೇಳುತ್ತಿದ್ದಳು. ಸೊಸೆಯ ಹೆಜ್ಜೆ ಸದ್ದಾದರೆ "ನಡಿ ಅತ್ಲಾಗೆ" ಅನ್ನುತ್ತಿದ್ದಳು.

ಮಗುವನ್ನು ಕರೆದುಕೊಂಡು ಹೊರಗೆ ಹೋಗುವ ಧೈರ್ಯ ಬಂದಿದ್ದರಿಂದ ಒಂದು ಭಾನುವಾರ ಎಲ್ಲರೂ ಹಳೇಬೀಡಿಗೆ ಹೋದರು. ಗುಡಿಯ ಗೋಡೆಯ ಕೆಳಸಾಲಿನ ಕಲ್ಲಿನ ಆನೆಗಳನ್ನು ಹೇಮಾ ಒಂದೊಂದಾಗಿ ಮುಟ್ಟುತ್ತ ನಡೆದಳು, ಪಕ್ಕದಲ್ಲಿ ಮೋನಾ. ನೋಡಿದವರು ನಿಂತು ನೋಡಿದರು. ಶಶಿಧರ ಮೊಬೈಲಿನಲ್ಲಿ ಫೋಟೋ ತೆಗೆದದ್ದೇ ತೆಗೆದದ್ದು. ಸುವರ್ಣಮ್ಮ ನೀರು ತರಲು ಎದ್ದು ನಾಲ್ಕು ಹೆಜ್ಜೆ ಹೋದಳು ನೋಡಿ, ನಾಯಿ ತಿರುಗಿ ಅವಳ ಹಿಂದೆ ಹೊರಟಿತು. ಬೆಲ್ಟು ಎಳೆದು ಹೇಮಾ ಗುಡಿಯ ಜಗುಲಿಯ ಕಲ್ಲಿನ ಮೇಲೆ ಮುಗ್ಗರಿಸಿ ಬಿದ್ದಳು. ಮಂಡಿ ತರಚಿತು.

"ಯಾಕೆ ಹಿಂಗೆ ಮಾಡ್ತು ಇವತ್ತು?" ಅಂದಳು ಪ್ರತಿಮಾ.

"ಜನ ನೋಡಿ ಗಾಬ್ರಿ ಆಗೈತೆ ಬಿಡು" ಅಂದಳು ಸುವರ್ಣಮ್ಮ. ಅವಳಿಗೆ ಗೊತ್ತಿತ್ತು. ಎದೆಯಲ್ಲಿ ಹೆದರಿಕೆಯ ಜೊತೆಗೆ ಒಂದು ಸಂತೋಷವೂ ಎದ್ದದ್ದು ಗೊತ್ತಿತ್ತು. ಅದನ್ನು ನೆನೆದಾಗಲೇ ಅವಳಿಗೆ ಆಮೇಲೆ ಎಲ್ಲಕ್ಕಿಂತ ನಾಚಿಕೆಯಾಗುತ್ತಿದ್ದದ್ದು.

ಮನೆಗೆ ಬಂದು ನಿಲ್ಲಿಸಲು ನೋಡಿದಳು. ತುತ್ತನ್ನು ಕಾಗೆಗೆ ಇಟ್ಟಳು. ಅಡಿಗೆಮನೆಯ ಬಾಗಿಲು ಹಾಕಿಕೊಂಡು ಉಂಡಳು. ಬಾಗಿಲ ಕೆಳಗಿನ ಸಂದಿಯಲ್ಲಿ ಮೂಗು ಕಾಣಿಸಿತು, ಉಸಿರಾಡುವ ಸದ್ದು ಕೇಳಿಸಿತು. ಅವಳ ಹಟ ಮೂರು ದಿನ ನಿಂತಿತು. ನಾಲ್ಕನೆಯ ದಿನ ಬಾಗಿಲು ತೆರೆದಳು.

ಆ ವರ್ಷದ ಕೊಬ್ಬರಿ ಒಡೆಸುವ ಕಾಲ ಬಂತು. ಅಟ್ಟದಿಂದ ಕಾಯಿ ಇಳಿಸಿ, ಅಂಗಳದಲ್ಲಿ ಹೆಂಗಸರು ಸಾಲಾಗಿ ಕೂತು ಕರಟ ಬಿಡಿಸುತ್ತಿದ್ದರು. ಲಾರಿಗೆ ಮೂಟೆ ಹೇರಲು ಹಿಂದಿನ ಗೇಟು ತೆರೆದಿತ್ತು. ಹೇಮಾ ಅಂಗಳದಲ್ಲೇ ಕಾಯಿಗಳ ನಡುವೆ ಆಡಿಕೊಂಡಿದ್ದರಿಂದ ಬೆಲ್ಟು ಬಿಚ್ಚಿದ್ದರು. ಮೋನಾ ಇದೆಯಲ್ಲ ಅನ್ನುವ ಧೈರ್ಯ. ಆಳುಗಳಿಗೆಲ್ಲ ಬಡಿಸಿ ಮುಗಿಸಿ ಸುವರ್ಣಮ್ಮ ತಟ್ಟೆಯ ಮುಂದೆ ಕೂತಾಗ ಹೊತ್ತು ಮೀರಿತ್ತು. ಹೊಸ್ತಿಲಾಚೆ ಮೋನಾ ಕಾಯುತ್ತಿತ್ತು.

ತುತ್ತು ಕೈಯಲ್ಲಿತ್ತು. ಗೂಡ್ಸ್ ಗಾಡಿ ಕೂಗಿತು. ನಾಯಿಯ ಕಿವಿ ನೆಟ್ಟಗಾಯಿತು. ತಲೆ ಹೊರಳಿಸಿ ಅಂಗಳದ ಕಡೆ ಒಮ್ಮೆ ನೋಡಿತು. ಮತ್ತೆ ತಿರುಗಿ ಅವಳ ಕೈಯನ್ನು ನೋಡಿತು. ಕೈಯನ್ನೇ ನೋಡಿಕೊಂಡು ಕೂತಿತು.

ಅಷ್ಟರಲ್ಲಿ ಓಣಿಯ ಆ ತುದಿಯಿಂದ ಕೂಗಾಟ ಎದ್ದಿತು. ರೈಲ್ವೆ ಗೇಟಿನ ಹತ್ತಿರ ಎಳನೀರು ಮಾರುವ ರೇವಣಸಿದ್ದಪ್ಪ ಮಚ್ಚು ಬಿಸಾಕಿ ಓಡಿ, ಫ್ರಾಕಿನ ಬೆನ್ನು ಹಿಡಿದು ಎಳೆದುಕೊಳ್ಳದಿದ್ದರೆ ಹೇಮಾ ಉಳಿಯುತ್ತಿರಲಿಲ್ಲ. ಅವನು ಮಗುವನ್ನು ಎತ್ತಿಕೊಂಡು ಬಂದ. "ಹಳೀಗೆ ಮೊಳ ದೂರ ಇತ್ತು ಕಣ್ರವ್ವ, ಮೊಳ ದೂರ" ಅಂತ ಅದನ್ನೇ ಹೇಳುತ್ತಿದ್ದ. ಕೈಯಿಂದ ಜಾರಿದ ಕೊಬ್ಬರಿ ಕಾಯಿ ಗಾಲಿಗೆ ಸಿಕ್ಕಿ ಪುಡಿಯಾಗಿತ್ತು. ಹೇಮಾ ಅದಕ್ಕಾಗಿ ಕಿರುಚುತ್ತಿದ್ದಳು.

ಮಗುವನ್ನು ಎದೆಗೆ ಅವುಚಿಕೊಂಡು ಪ್ರತಿಮಾ ಕೇಳಿದಳು. "ಮೋನಾ ಎಲ್ಲಿತ್ತು?"

ಸುವರ್ಣಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬೆರಳುಗಳಿಗೆ ಮುದ್ದೆ ಮೆತ್ತಿಕೊಂಡೇ ಇತ್ತು.

"ನನ್ ತಟ್ಟೆ ಮುಂದಿತ್ತು ಕಣವ್ವ" ಅಂದಳು. "ದಿನಾ ಹಾಕ್ತಿದ್ದೆ. ಒಂದೇ ತುತ್ತು."

ಶರ್ಮಿಳಾ ಎರಡು ದಿನ ಬಿಟ್ಟು ಬಂದಳು. ಪಡಸಾಲೆಯಲ್ಲಿ ಎಲ್ಲರನ್ನೂ ದೂರ ದೂರ ಕೂರಿಸಿ, ಹೇಮಾಳ ಕೈಗೆ ಒಂದು ಹಿಡಿ ಉಂಡೆ ಕೊಟ್ಟು, ನಾಯಿಯನ್ನು ಬಿಟ್ಟಳು. ಮೋನಾ ನೇರ ಹೋಗಿ ಸುವರ್ಣಮ್ಮನ ಪಾದದ ಮೇಲೆ ಗದ್ದ ಇಟ್ಟು ಮಲಗಿತು. ಹೇಮಾ ಅದನ್ನು ನೋಡಿದಳು. ಎದ್ದಳು. ಅಂಗೈ ಬಿಚ್ಚಿ ಮುಂದೆ ಚಾಚಿದಳು. ಅವಳ ತುಟಿಗಳು ಒಂದಕ್ಕೊಂದು ಸೇರಿದವು, ಬಿಟ್ಟವು, ಮತ್ತೆ ಸೇರಿದವು.

"ಮೋ" ಅಂದಳು.

ಎಂಟು ವರ್ಷದಲ್ಲಿ ಆ ಬಾಯಿಂದ ಬಂದ ಮೊದಲ ಮಾತು. ಪ್ರತಿಮಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಶಶಿಧರ ಕೂತಲ್ಲಿಂದ ಅರ್ಧ ಎದ್ದು ಹಾಗೆಯೇ ನಿಂತುಬಿಟ್ಟ. "ಮೋ" ಅಂತ ಹೇಮಾ ಇನ್ನೊಮ್ಮೆ ಕರೆದಳು, ಈ ಸಲ ಸ್ವಲ್ಪ ಗಟ್ಟಿಯಾಗಿ. ನಾಯಿ ಕಣ್ಣೆತ್ತಿ ಆ ಕಡೆ ನೋಡಿತು. ಬಾಲ ಒಮ್ಮೆ ಆಡಿಸಿತು. ಏಳಲಿಲ್ಲ.

"ಹೋಗೇ" ಅಂದಳು ಸುವರ್ಣಮ್ಮ. "ಹೋಗೇ ಮಾರಾಯ್ತಿ, ಮಗ ಕರೀತೈತೆ, ಹೋಗೇ!" ಕಾಲಿನಿಂದ ತಳ್ಳಿದಳು. ಜನ್ಮದಲ್ಲಿ ಒಂದು ಪ್ರಾಣಿಯನ್ನು ಕಾಲಿನಿಂದ ತಳ್ಳಿದವಳಲ್ಲ. ನಾಯಿ ತಾನೇನೋ ತಪ್ಪು ಮಾಡಿದೆನೆಂಬಂತೆ ಇನ್ನಷ್ಟು ಒತ್ತಿಕೊಂಡು ಮಲಗಿತು. ಹೇಮಾಳ ಅಂಗೈ ಇನ್ನೂ ಚಾಚಿಯೇ ಇತ್ತು.

ಊರು ಬಿಟ್ಟು ಹೋಗುತ್ತೇನೆಂದು ಸುವರ್ಣಮ್ಮನೇ ಹೇಳಿದಳು. ತಾನು ಕಣ್ಣಿಗೆ ಬೀಳದಿದ್ದರೆ ನಾಯಿ ಮಗುವಿನ ಕಡೆ ತಿರುಗೀತು ಅಂತ. ನೋಡೋಣ ಅಂದಳು ಶರ್ಮಿಳಾ. ಬಿಕ್ಕೋಡಿನಲ್ಲಿ ಮಗಳು ಉಷಾರಾಣಿಯ ಮನೆ. ಶಶಿಧರ ಬಸ್ಸು ಹತ್ತಿಸಿದ. ಹಳೇಬೀಡು ದಾಟಿ, ಬೇಲೂರಿನಲ್ಲಿ ಬಸ್ಸು ಬದಲಿಸಿ ಹೋದಳು. ಅಳಿಯನ ಮನೆಯಲ್ಲಿ ಅನ್ನಕ್ಕೇನು ಕಡಿಮೆ, ಆದರೆ ತಟ್ಟೆ ಮುಂದೆ ಕೂತರೆ ಮೊದಲ ತುತ್ತನ್ನು ಯಾರಿಗೂ ಹಾಕಲು ಕೈ ಏಳುತ್ತಿರಲಿಲ್ಲ. ಎಲ್ಲರಿಗಿಂತ ಮೊದಲು ಉಂಡು ಎದ್ದುಬಿಡುತ್ತಿದ್ದಳು. "ಇದೇನವ್ವ, ನೀನು ಮೊದ್ಲು ಉಂಡಿದ್ದು ನಾನು ಕಂಡೇ ಇಲ್ಲ" ಅಂದಳು ಉಷಾರಾಣಿ.

ಒಂದು ಬೆಳಿಗ್ಗೆ ಶಶಿಧರನ ಫೋನು ಬಂತು. ನಾಯಿ ಮಗುವಿನ ಕೈಯಿಂದ ಏನೂ ಮುಟ್ಟುತ್ತಿಲ್ಲ. ಮುಂಬಾಗಿಲಲ್ಲಿ ಬಸ್ಟ್ಯಾಂಡ್ ಕಡೆ ಮುಖ ಮಾಡಿ ಕೂತಿರುತ್ತದೆ. ಮಗು ದಿನವೂ ಅಂಗೈ ಬಿಚ್ಚಿಕೊಂಡು ಅದರ ಮುಂದೆ ಹೋಗಿ ಕೂರುತ್ತದೆ, ಮೋ ಅನ್ನುತ್ತದೆ. ಇಬ್ಬರೂ ಸೊರಗುತ್ತಿದ್ದಾರೆ. "ಬಂದ್ಬಿಡವ್ವ, ಸಾಕು" ಅಂದ.

ಬಂದಳು. ಬೀದಿಯ ತಿರುವಿನಲ್ಲೇ ನಾಯಿ ಓಡಿ ಬಂದು, ಸೀರೆಗೆ ಸುತ್ತಿಕೊಂಡು, ಮುಲುಗಿ, ಕುಣಿದು, ಅವಳನ್ನು ಬೀಳಿಸುವುದೊಂದು ಬಾಕಿ. ಬಾಣಾವರಕ್ಕೆ ಅಷ್ಟು ವರ್ಷದಲ್ಲಿ ಅವಳು ಎಷ್ಟು ಸಲ ಪರ ಊರಿಂದ ವಾಪಸು ಬಂದಿರಬಹುದು, ಹೀಗೆ ಯಾರೂ ಎದುರುಗೊಂಡಿರಲಿಲ್ಲ. ಸುದ್ದಿ ತಿಳಿದು ಬಂದಿದ್ದ ಶರ್ಮಿಳಾ ಜಗುಲಿಯ ಮೇಲೆ ನಿಂತು ನೋಡುತ್ತಿದ್ದಳು. ಪಕ್ಕದಲ್ಲಿ ಪ್ರತಿಮಾ. ನಾಯಿ ಇನ್ನು ಮಗುವಿನ ಕಡೆ ತಿರುಗುವುದಿಲ್ಲವೆಂದು ಮೂವರು ಹೆಂಗಸರಿಗೂ ಗೊತ್ತಾಯಿತು.

"ಅಜ್ಜಿ, ನೀವು ಕೆಟ್ಟದ್ದೇನೂ ಮಾಡಿಲ್ಲ" ಅಂದಳು ಶರ್ಮಿಳಾ. "ಆದರೆ ಇದು ಇನ್ನೊಂದು ಮಗುವಿಗಾದರೂ ಆಗಬೇಕಲ್ಲ. ಹೇಮಾ ಹೆಸರನ್ನ ಮತ್ತೆ ಸರತೀಲಿ ಇಡ್ತೀನಿ. ಯಾವಾಗ ಬರುತ್ತೆ ಅಂತ ಹೇಳೋಕಾಗಲ್ಲ."

"ಕರ್ಕೊಂಡು ಹೋಗಿ" ಅಂದಳು ಪ್ರತಿಮಾ. "ನನ್ನ ಮಗಳ ಎದುರಿಗೇ ಅದು ದಿನಾ ಇವರ ಕಾಲ ಬುಡದಲ್ಲಿ ಮಲಗೋದನ್ನ ನಾನು ನೋಡಲಾರೆ."

ಕಾರಿನ ಹಿಂದಿನ ಸೀಟಿನಲ್ಲಿ ಕೂತ ಮೋನಾ ಗಾಜಿನ ಮೂಲಕ ನೋಡಿದ್ದು ಸುವರ್ಣಮ್ಮನನ್ನೇ. ಅವಳು ಮಾತ್ರ ನೋಡಿದ್ದು ಹೇಮಾಳನ್ನು. ಕಾರು ಹೋದ ಮೇಲೂ ಮಗು ಜಗುಲಿಯಲ್ಲಿ ಡಬ್ಬದ ಪಕ್ಕ ನಿಂತು ಕರೆಯುತ್ತಿತ್ತು. ಒಂದು ಮಾತು ಕಲಿತಿತ್ತು, ಅದನ್ನು ಕೇಳಬೇಕಾದವರು ಹೊರಟುಹೋಗಿದ್ದರು.

ಸೊಸೆ ಬೈಯಲಿಲ್ಲ. ಬೈದಿದ್ದರೆ ಸುವರ್ಣಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. ಹೇಮಾ ಹುಟ್ಟಿದಾಗ ಪ್ರತಿಮಾ ಮಂಕು ಹಿಡಿದು ತಿಂಗಳುಗಟ್ಟಲೆ ಮಲಗಿದ್ದವಳು, ತಾಯಿಯಿಲ್ಲದ ಹುಡುಗಿ. ಆಗ ಪಕ್ಕದಲ್ಲಿ ಕೂತು, ತುತ್ತು ಮಾಡಿ, ಬಾಯಿಗಿಟ್ಟು ಬದುಕಿಸಿದ್ದು ಇದೇ ಕೈ. ಒಂದು ಸಂಜೆ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಪ್ರತಿಮಾ ತಲೆ ಎತ್ತದೆ ಅಂದಳು. "ನನ್ನನ್ನೂ ಉಣ್ಣಿಸಿ ಉಳಿಸಿದೋರು ನೀವೇ ಅತ್ತೆ. ಬೈಯೋಣ ಅಂದ್ರೆ ಬಾಯಿ ಬರಲ್ಲ. ಅದೇ ನಂಗೆ ಸಂಕಟ." ಸ್ನಾನದ ಮನೆಯ ಬಾಗಿಲು ಮತ್ತೆ ಅರ್ಧ ತೆರೆದೇ ಇರತೊಡಗಿತು.

ಬೆಲ್ಟು ಮನೆಯಲ್ಲೇ ಉಳಿದಿತ್ತು. ಹೇಮಾ ಅದನ್ನು ಸೊಂಟದಿಂದ ಬಿಚ್ಚಲು ಬಿಡುತ್ತಿರಲಿಲ್ಲ. ಇನ್ನೊಂದು ತುದಿ ನೆಲದ ಮೇಲೆ ಎಳೆದಾಡುತ್ತ, ಕೋಣೆಯಿಂದ ಕೋಣೆಗೆ ಅವಳ ಹಿಂದೆ ಬರುತ್ತಿತ್ತು. ಅದನ್ನು ನೋಡಲಾಗದೆ ಒಂದು ಬೆಳಿಗ್ಗೆ ಸುವರ್ಣಮ್ಮ ಆ ತುದಿಯನ್ನು ಎತ್ತಿ ತನ್ನ ಸೊಂಟಕ್ಕೆ ಕಟ್ಟಿಕೊಂಡಳು. ಬಡಿಸುವುದಕ್ಕೆ, ಒಲೆಯ ಮುಂದೆ ನಿಲ್ಲುವುದಕ್ಕೆ ಇನ್ನು ಆಗುವುದಿಲ್ಲವೆಂದು ಅಡಿಗೆಮನೆಯನ್ನು ಸೊಸೆಗೆ ಬಿಟ್ಟಳು. ಆ ಬೀದಿಯಲ್ಲಿ ಈಗ ಊಟದ ಹೊತ್ತಿಗೆ ಯಾರು ಬೇಕಾದರೂ ಹಾದುಹೋಗಬಹುದು, ಕರೆಯುವವರಿಲ್ಲ.

ಮೊದಲ ದಿನ ಮಧ್ಯಾಹ್ನವೇ ಗಾಡಿ ಕೂಗಿತು. ಹೇಮಾ ಎದ್ದು ಓಡಿದಳು. ಬೆಲ್ಟು ಬಿಗಿದು ಮುದುಕಿ ಎರಡು ಹೆಜ್ಜೆ ಎಳೆಸಿಕೊಂಡು ಹೋದಳು. ಹಿಡಿದುಕೊಳ್ಳಲು ಅವಳ ಮಂಡಿಗಳಲ್ಲಿ ಶಕ್ತಿ ಎಲ್ಲಿತ್ತು? ಆಗ ಅವಳಿಗೆ ತೋಚಿದ್ದು ಒಂದೇ. ತಾನು ಕಂಡ ಹಾಗೆಯೇ ಜಗುಲಿಯ ಬುಡದಲ್ಲಿ ಅಂಗಳದ ನೆಲದ ಮೇಲೆ ಮಗ್ಗುಲಾಗಿ ಮಲಗಿ, ಮೈಯನ್ನೆಲ್ಲ ಭಾರ ಬಿಟ್ಟಳು. ಕೊರಳ ಲಿಂಗ ಮಣ್ಣಿಗೆ ತಾಗದಿರಲೆಂದು ಒಂದು ಕೈಯಲ್ಲಿ ಹಿಡಿದುಕೊಂಡಳು. ಕಣ್ಣು ಮುಚ್ಚಿದಳು.

ಎಳೆತ ನಿಂತಿತು. ಗಾಡಿ ಹೋಗುವವರೆಗೂ ನಿಂತೇ ಇತ್ತು. ಆಮೇಲೆ ಜಗುಲಿಯ ಕಡೆ ಬೆಲ್ಟು ಮೆಲ್ಲಗೆ ಜಗ್ಗಿತು, ಡಬ್ಬದ ಮುಚ್ಚಳದ ಸದ್ದಾಯಿತು. ಕಣ್ಣು ಬಿಟ್ಟರೆ ಹೇಮಾ ಎದುರಿಗೆ ಕುಕ್ಕರುಗಾಲಲ್ಲಿ ಕೂತಿದ್ದಳು. ಬೆಲ್ಟಿನ ಇನ್ನೊಂದು ತುದಿಯಲ್ಲಿದ್ದ ಜೀವದ ಮುಂದೆ ಅಂಗೈ ಬಿಚ್ಚಿದಳು. ಅಂಗೈಯಲ್ಲಿ ಮೀನಿನ ವಾಸನೆಯ ಮೂರು ಒಣ ಉಂಡೆಗಳು.

"ಮೋ" ಅಂದಳು ಹೇಮಾ.

ಬಾವಿಕಟ್ಟೆಯ ಹತ್ತಿರ ಪ್ರತಿಮಾ ಬಿಂದಿಗೆ ಹಿಡಿದು ನಿಂತು ನೋಡುತ್ತಿದ್ದಳು. "ಅತ್ತೆ, ಬೇಡ" ಅನ್ನಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಸುವರ್ಣಮ್ಮ ಕತ್ತು ಮುಂದೆ ಚಾಚಿ ಆ ಅಂಗೈಯಿಂದ ಮೊದಲ ತುತ್ತನ್ನು ಬಾಯಿಗೆ ತೆಗೆದುಕೊಂಡಿದ್ದಳು.